ಸಮ್ಮೇಳನದಿಂದ ಎದ್ದು ಬಂದ ಹೆಡ್ ಮೇಡಂ

ನಮ್ಮ ಹೆಡ್ ಮೇಡಂ ಕುರ್ಚಿಗೆ ಬೆನ್ನು ತಾಗಿಸುತ್ತಿರಲಿಲ್ಲ. ಬೆಳಗ್ಗೆ ಪ್ರಾರ್ಥನೆ ಮುಗಿಸಿ ಬಂದು ಕೂತರೆ ಸಂಜೆ ಬೀಗ ಹಾಕುವ ತನಕ ಬೆನ್ನು ನೆಟ್ಟ ಗೂಟದ ಹಾಗೆ ನಿಂತಿರುತ್ತಿತ್ತು. ದಿನವೆಲ್ಲ ಕೂತು ಎದ್ದರೂ ಸೀರೆಯ ಹಿಂಭಾಗದಲ್ಲಿ ಒಂದು ಸುಕ್ಕು ಕಾಣುತ್ತಿರಲಿಲ್ಲ. ಮುಂದೆ ಮಾತ್ರ, ಮಧ್ಯಾಹ್ನದ ಹೊತ್ತಿಗೇ, ಮಡಿಲೆಲ್ಲ ಸೀಮೆಸುಣ್ಣದ ಪುಡಿ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿರುತ್ತಿತ್ತು. ನಾನು ಕಾಲುನೋವೆಂದು ಗೋಡೆಗೆ ಒರಗಿದರೆ ಅವರಿಗೆ ಆಗುತ್ತಿರಲಿಲ್ಲ. "ಒರಗ್ಬೇಡ ಕಣೇ. ಒರಗಿದ್ರೆ ನಿದ್ದೆ ಬತ್ತದೆ. ನಿದ್ದೆ ಬಂದ್ರೆ ಮಕ್ಳು ನಗ್ತಾವೆ" ಎನ್ನುತ್ತಿದ್ದರು.

ನಮ್ಮದು ಬುಕ್ಕಾಂಬುಧಿಯಿಂದ ಆಚೆಗಿರುವ ಎರಡು ಕೊಠಡಿಯ ಶಾಲೆ. ಅವರು ಹೆಡ್ಡು, ನಾನು ಅಸಿಸ್ಟೆಂಟು. ಮಕ್ಕಳ ಬಾಯಲ್ಲಿ ಅವರು ದೊಡ್ ಮಿಸ್, ನಾನು ಸಣ್ ಮಿಸ್. ಅವರ ಬಾಯಲ್ಲಿ ಮಾತ್ರ ನಾನು ಐವತ್ತರ ಹತ್ತಿರ ಬಂದರೂ "ಲೇ ಹುಡುಗಿ". ಇಬ್ಬರ ಮನೆಯೂ ಅಜ್ಜಂಪುರದಲ್ಲಿ. ಬೆಳಗಿನ ಒಂದೇ ಬಸ್ಸು ನಮಗೆ ದಿಕ್ಕು. ನಾನು ಬಸ್ಸು ಹತ್ತುವ ಹೊತ್ತಿಗೆ ಅರ್ಧ ದಿನದ ಕೆಲಸ ಮುಗಿದಿರುತ್ತಿತ್ತು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಎದ್ದಿರಲಿಲ್ಲ. ಅವರಿಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಹಿಟ್ಟಿನ ಗಿರಣಿಗೆ ಹೊರಡುವ ನಮ್ಮ ಮನೆಯವರಿಗೆ ಬುತ್ತಿ ಕಟ್ಟಿ ನಾನು ಹೊರಡಬೇಕು. ಬಸ್ಸಿನಲ್ಲಿ ಹೆಡ್ ಮೇಡಂ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟು, "ಮಲ್ಕೋ, ಕೆರೆ ಏರಿ ಬಂದಾಗ ಎಬ್ಬಿಸ್ತೀನಿ" ಎನ್ನುವರು. ಬಸ್ಸಿನಲ್ಲಿ ಒರಗುವುದಕ್ಕೆ ಅವರ ಆಕ್ಷೇಪ ಇರಲಿಲ್ಲ. ಅಲ್ಲಿ ಮಕ್ಕಳಿರುತ್ತಿರಲಿಲ್ಲವಲ್ಲ.

ವರ್ಷಕ್ಕೊಮ್ಮೆ ಶಿಕ್ಷಕಿಯರ ಸಮ್ಮೇಳನ ನಡೆಯುತ್ತದೆ, ಒಂದೊಂದು ವರ್ಷ ಒಂದೊಂದು ಊರಿನಲ್ಲಿ. ಹೋಗುವವರಿಗೆ ಎರಡು ದಿನ ವಿಶೇಷ ರಜೆ. ಹಾಜರಾತಿ ಪತ್ರ ತಂದು ತರೀಕೆರೆಯ ಆಫೀಸಿಗೆ ಕೊಟ್ಟರೆ ಮುಗಿಯಿತು. ನಡೆಯುವ ರೀತಿ ನಮ್ಮ ಇಲಾಖೆಯವರಿಗೆಲ್ಲ ಗೊತ್ತಿರುವುದೇ. ಬೆಳಗ್ಗೆ ಸಾಲಿನಲ್ಲಿ ನಿಂತು ಬ್ಯಾಗು, ಪೆನ್ನು, ಊಟದ ಚೀಟಿ ಇಸಿದುಕೊಳ್ಳುತ್ತಾರೆ. ಉಪ್ಪಿಟ್ಟು ತಿನ್ನುತ್ತಾರೆ. ವೇದಿಕೆಯ ಮೇಲೆ ದೀಪ ಹಚ್ಚುವಷ್ಟರಲ್ಲಿ ಅರ್ಧ ಹಾಲ್ ಖಾಲಿ. ಎಲ್ಲರೂ ಊರು ನೋಡಲು ಹೊರಟಿರುತ್ತಾರೆ. ಅದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ. ಮನೆ, ಶಾಲೆ, ಒಲೆ ಬಿಟ್ಟು ಬಂದ ಹೆಂಗಸರು ಇನ್ನು ಯಾವಾಗ ನೋಡಬೇಕು?

ನಮ್ಮ ಹೆಡ್ ಮೇಡಂ ಮಾತ್ರ ವಂದನಾರ್ಪಣೆ ಮುಗಿದು ಮೈಕಿನವನು ವೈರು ಸುತ್ತುವ ತನಕ ಏಳುತ್ತಿರಲಿಲ್ಲ. ಕಾರಣ ಕೇಳಿದರೆ, "ಸರ್ಕಾರ ರಜಾ ಕೊಟ್ಟಿರೋದು ಕೂತ್ಕಳಕ್ಕೆ" ಎಂದುಬಿಡುವರು. ಅವರು ಕೂತರೆಂದರೆ ನಾನೂ ಕೂತೆನೆಂದೇ ಲೆಕ್ಕ. ನಮ್ಮ ಅತ್ತೆ ನನ್ನನ್ನು ಕಳಿಸುತ್ತಿದ್ದುದೇ ಅವರ ಭರವಸೆಯ ಮೇಲೆ. "ಆ ಮೇಡಂ ಜೊತೆ ಅಂದ್ರೆ ಹೋಗು. ಆಯಮ್ಮ ಅತ್ಲಾಗ್ ಇತ್ಲಾಗ್ ನೋಡಲ್ಲ, ಮೀಟಿಂಗ್ ಮುಗಿಸ್ಕಂಡು ಸೀದಾ ಬತ್ತದೆ. ಇಲ್ದಿದ್ರೆ ಯಾವ ಸಮ್ಮೇಳ್ನಾನೂ ಬ್ಯಾಡ" ಎಂದು ಮಂಚದ ಮೇಲಿಂದಲೇ ತೀರ್ಪು ಕೊಟ್ಟಿದ್ದರು. ಆ ಎರಡು ದಿನ ಅವರನ್ನು ನೋಡಿಕೊಳ್ಳಲು ನನ್ನ ನಾದಿನಿ ಗೊಣಗುತ್ತ ಬಂದು ಇರುತ್ತಿದ್ದಳು.

ಹಾಗಾಗಿ ಎಷ್ಟು ಊರಿಗೆ ಹೋಗಿ ಬಂದರೂ ನಾನು ಯಾವ ಊರನ್ನೂ ನೋಡಿರಲಿಲ್ಲ. ಮೈಸೂರೆಂದರೆ ನನಗೆ ಒಂದು ಕಂಬ; ಅದರ ಹಿಂದೆ ನಮ್ಮ ಕುರ್ಚಿ ಬಿದ್ದಿತ್ತು. ಬೆಳಗಾವಿಯೆಂದರೆ ಸೋರುವ ಶಾಮಿಯಾನ. ಮಂಗಳೂರೆಂದರೆ ಬೆವರು ಮತ್ತು ಮೈಕಿನ ಕೀರಲು. ಸಮುದ್ರ ಅಲ್ಲೇ ಎಲ್ಲೋ ಇತ್ತಂತೆ. ಜೊತೆಯವರು ಸಂಜೆ ಬಂದು ಫೋಟೋ ತೋರಿಸುವಾಗ ನಾನು ಒಂದೊಂದಾಗಿ ನೋಡಿ "ಚೆನ್ನಾಗೈತೆ" ಎನ್ನುತ್ತಿದ್ದೆ. ಬೇಜಾರು ಆಗುತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಲೂ ಆಗದಷ್ಟು ದಣಿವು ದಿನಾ ಇರುತ್ತಿತ್ತು. ಕೂತಲ್ಲಿ ಕೂತಿದ್ದರೂ ಮನೆಗೆಲಸ ಇಲ್ಲವಲ್ಲ, ಅಷ್ಟೇ ಸಾಕು ಎಂದು ಸುಮ್ಮನಾಗುತ್ತಿದ್ದೆ.

ಊರಿಗೆ ಬಂದ ಮರುದಿನ ಪ್ರಾರ್ಥನೆಯಲ್ಲಿ ಹೆಡ್ ಮೇಡಂ ಮಕ್ಕಳಿಗೆ ಸಮ್ಮೇಳನದ ವರದಿ ಒಪ್ಪಿಸುತ್ತಿದ್ದರು. ಶಾಲೆಗೆ ಬಾರದೆ ಹೋಗಿದ್ದು ಯಾತಕ್ಕೆಂದು ಮಕ್ಕಳಿಗೆ ಗೊತ್ತಾಗಬೇಕು ಎಂಬುದು ಅವರ ನಿಯಮ. ಮೂಗು ಸೋರುವ ಒಂದನೇ ಕ್ಲಾಸಿನವು ಕೈಕಟ್ಟಿ ನಿಂತು, ಹಳೇ ಪಿಂಚಣಿ ಮತ್ತೆ ಜಾರಿಯಾಗಬೇಕೆಂಬ ಠರಾವನ್ನು ಕೇಳುತ್ತಿದ್ದವು. ಶಾಲೆ ಎದುರಿನ ಕಟ್ಟೆಯ ಮೇಲಿನ ಅಜ್ಜನೊಬ್ಬ, "ಪಾಸಾತಾ ಮೇಡಂ?" ಎಂದು ಅಲ್ಲಿಂದಲೇ ಕೂಗುವನು. "ಒಕ್ಕೊರಲಿಂದ ಆಯ್ತು ಕಣಜ್ಜಾ" ಎನ್ನುವರು ಇವರು. ಒಮ್ಮೆ ಒಬ್ಬ ಹುಡುಗಿ, "ಮಿಸ್, ಅರಮನೆ ಹೆಂಗೈತೆ?" ಎಂದು ಕೇಳಿದಳು. "ನಾನು ನೋಡ್ಲಿಲ್ಲ ಮಗಾ, ಮೀಟಿಂಗ್ ಇತ್ತು" ಎಂದರು. ಹುಡುಗಿ ನನ್ನ ಕಡೆ ತಿರುಗಿದಳು. ನಾನು ಬಿಸಿಯೂಟದ ಅಕ್ಕಿ ಅಳೆಯಲು ಒಳಗೆ ಹೋದೆ.

ಅವರು ನಿವೃತ್ತಿಯಾಗುವ ವರ್ಷ ಸಮ್ಮೇಳನ ವಿಜಯಪುರದಲ್ಲಿತ್ತು. ಆ ವರ್ಷ ನಿವೃತ್ತರಾಗುವವರಿಗೆಲ್ಲ ವೇದಿಕೆಯ ಮೇಲೆ ಸನ್ಮಾನ. ಅಷ್ಟು ವರ್ಷದ ಕೆಲಸದಲ್ಲಿ ಅವರ ಹೆಗಲ ಮೇಲೆ ಯಾರೂ ಒಂದು ಶಾಲು ಹಾಕಿದ್ದಿಲ್ಲ. ಕಡೂರಿನಲ್ಲಿರುವ ಅವರ ಮಗಳು ನನಗೆ ಫೋನು ಮಾಡಿ, "ಆಂಟಿ, ಅಮ್ಮಂಗೆ ಶಾಲು ಹಾಕೋವಾಗ ಫೋಟೋ ತಗೀಲೇಬೇಕು. ಅಮ್ಮ ಹೇಳಲ್ಲ, ಆದ್ರೆ ಆಸೆ ಐತೆ" ಎಂದಿದ್ದಳು. ಬೀರೂರಿನಲ್ಲಿ ರೈಲು ಹತ್ತುವಾಗ ಅವರ ಬ್ಯಾಗು ನನ್ನ ಕೈಲಿತ್ತು. ಮಗಳ ಮದುವೆಗೆ ಉಟ್ಟ ರೇಷ್ಮೆ ಸೀರೆ ಅದರೊಳಗೆ ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಕೂತಿತ್ತು.

ಎರಡನೇ ದಿನ ಬೆಳಗ್ಗೆ ಅವರು ಅದನ್ನುಟ್ಟು ಬಂದರು. ಬಡಿಸುವ ಹುಡುಗಿಯರು, "ಬರ್ರಿ ಅಕ್ಕಾರ, ರೊಟ್ಟಿ ಹಾಕ್ಕೊಳ್ರಿ" ಎಂದು ಕರೆದರೆ, ರೇಷ್ಮೆಗೆ ಎಣ್ಣೆಗಾಯಿಯ ಎಣ್ಣೆ ತಾಗೀತೆಂದು ದೂರದಲ್ಲೇ ನಿಂತು ಬರೀ ಮೊಸರನ್ನ ತಿಂದರು. ಸನ್ಮಾನ ಹನ್ನೊಂದಕ್ಕೆ ಎಂದು ಹಾಕಿದ್ದರು. ಮುಖ್ಯ ಅತಿಥಿ ಬರಲಿಲ್ಲ. ಊಟದ ಮೇಲೆ ಎಂದರು. ಊಟವೂ ಆಯಿತು. ಹಾಲಿನಲ್ಲಿ ಉಳಿದಿದ್ದವರು ಹಾರಕ್ಕೆ ಕಾಯುವವರು, ನಿದ್ದೆ ಮಾಡುವವರು, ಮತ್ತೆ ನಾನು. ನೀರು ಕುಡಿಯಲು ಬಾಗಿಲ ತನಕ ಹೋದಾಗಲೆಲ್ಲ ಮರಗಳಾಚೆ ಗೋಳಗುಮ್ಮಟದ ತಲೆ ಕಾಣುತ್ತಿತ್ತು. ನನಗೆ ಬಾಯಾರಿಕೆ ಆ ದಿನ ಸ್ವಲ್ಪ ಹೆಚ್ಚೇ ಆಯಿತು.

ಆ ಗುಮ್ಮಟವನ್ನು ಹೆಡ್ ಮೇಡಂ ಎಷ್ಟು ವರ್ಷ ಪಾಠ ಮಾಡಿದ್ದರೋ. ಪ್ರತಿಧ್ವನಿ ಎಂದರೇನೆಂದು ತೋರಿಸಲು ಬಿಸಿಯೂಟದ ದೊಡ್ಡ ಹಂಡೆಯನ್ನು ಅಡ್ಡ ಮಲಗಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಅದರೊಳಗೆ ತಲೆ ಇಟ್ಟು "ಓ" ಎನ್ನಿಸುತ್ತಿದ್ದರು. "ಇದೇ ತರ, ಆದ್ರೆ ನಮ್ಮ ಊರಷ್ಟು ದೊಡ್ಡ ಹಂಡೆ" ಎಂದು ಕೈ ಚಾಚಿ ತೋರಿಸುವರು. ಅವರೂ ಅದನ್ನು ನೋಡಿದ್ದು ಪುಸ್ತಕದ ಚಿತ್ರದಲ್ಲೇ.

ಮೂರು ಗಂಟೆ ದಾಟಿದ ಮೇಲೆ ನಮ್ಮ ಮನೆಯವರ ಫೋನು ಬಂತು. ಅತ್ತೆಯ ಮಾತ್ರೆ ಎಲ್ಲಿದೆ ಎಂದು ಕೇಳಿದರು. ಹೇಳಿದೆ. ಆಮೇಲೆ, "ಗುಮ್ಟ ನೋಡಿದ್ಯೇನೇ?" ಎಂದರು.

"ಎಲ್ ನೋಡದು ಕಣ್ರೀ, ಹಾಲಲ್ಲೇ ಕೂತಿದೀನಿ."

"ಹೋಗ್ಲಿ ಬಿಡು, ಮುಂದೆ ಯಾವತ್ತಾದ್ರೂ ನೋಡಿದ್ರಾತು."

"ಮುಂದೆ ಎಲ್ಲೈತೆ? ಮೇಡಂ ರಿಟೈರಾದ್ ಮೇಲೆ ನಿಮ್ಮಮ್ಮ ನನ್ನ ಬೀರೂರು ದಾಟಕ್ ಬಿಡ್ತಾರಾ? ನಂಗೆ ಇದೇ ಕೊನೇದು" ಎಂದು ನಕ್ಕು ಫೋನಿಟ್ಟೆ. ದೂರಲು ಆಡಿದ ಮಾತಲ್ಲ. ಇದ್ದದ್ದು ಹಾಗೇ ಬಾಯಿಗೆ ಬಂತು.

ಪಕ್ಕದಲ್ಲಿ ಹೆಡ್ ಮೇಡಂ ವೇದಿಕೆಯನ್ನೇ ನೋಡುತ್ತಿದ್ದರು. ಅಲ್ಲಿಂದ ಕಣ್ಣು ತೆಗೆಯದೆಯೇ, "ಲೇ ಹುಡುಗಿ, ನೋಡ್ಬೇಕು ಅಂತ ನೀನು ಒಂದ್ ಸಲನೂ ಅಂದಿಲ್ವಲ್ಲೇ?" ಎಂದರು.

"ನೀವೂ ಕೇಳ್ಲಿಲ್ಲ ಮೇಡಂ."

ಅಷ್ಟರಲ್ಲಿ ಮೈಕಿನಲ್ಲಿ, ಅತಿಥಿಗಳು ಊರೊಳಗೆ ಬಂದಿದ್ದಾರೆ, ಸನ್ಮಾನಿತರು ಮುಂದಿನ ಸಾಲಿಗೆ ಬಂದು ಕೂರಬೇಕು ಎಂದು ಕೂಗಿದರು. ಹೆಡ್ ಮೇಡಂ ಎದ್ದರು. ಮುಂದಕ್ಕೆ ಹೋಗುತ್ತಾರೆಂದು ನಾನು ಮೊಬೈಲಿನ ಕ್ಯಾಮೆರಾ ತೆರೆದೆ. ಅವರು ನೀರು ಕೊಡುತ್ತಿದ್ದ ಸ್ವಯಂಸೇವಕಿಯನ್ನು, "ಏನಮ್ಮಾ, ಗೋಳಗುಮ್ಮಟ ಎಷ್ಟೊತ್ತಿನ ತನಕ ತೆಗ್ದಿರ್ತಾರೆ?" ಎಂದು ಕೇಳಿದರು.

"ಸಂಜೀಕ ಬಂದ್ ಮಾಡ್ತಾರ್ರೀ. ನಾಳಿಗ್ ಹೋಗ್ರಿ."

"ನಾಳೆ ನಮ್ದು ರೈಲು ಹೋಗಿರ್ತದೆ" ಎಂದು ನನ್ನ ಕಡೆ ತಿರುಗಿದರು. "ಏಳು."

"ಮೇಡಂ, ನಿಮ್ಮ ಸನ್ಮಾನ!"

"ಶಾಲು ಇಲ್ದಿದ್ರೆ ನಂಗೇನ್ ಚಳಿಯಾಗಲ್ಲ. ಏಳೇ ಅಂದ್ರೆ."

"ಬೇಡ ಮೇಡಂ. ನಿಮ್ಮ ಮಗಳು ನನ್ನ ಬೈತಾಳೆ."

"ಅವಳನ್ನ ಹೆತ್ತೋಳು ನಾನು. ನಾನ್ ನೋಡ್ಕತೀನಿ. ನಡಿ."

ಬಾಗಿಲಲ್ಲಿ ನಮ್ಮ ತಾಲ್ಲೂಕು ಶಿಕ್ಷಕಿಯರ ಸಂಘದ ಕಾರ್ಯದರ್ಶಿ ಸಿಕ್ಕಳು. ನಮ್ಮನ್ನು ಕಂಡು, "ಬಾತ್‌ರೂಮಾ ಮೇಡಂ? ಎಡಗಡೆ ಐತೆ, ಬೇಗ ಬನ್ನಿ" ಎಂದಳು.

"ಇಲ್ಲ ಕಣಮ್ಮಾ. ಗೋಳಗುಮ್ಮಟ."

ಹೆಡ್ ಮೇಡಂ ತಮಾಷೆ ಮಾಡುವುದನ್ನು ಅವಳು ಎಂದೂ ಕಂಡಿರಲಿಲ್ಲ. ಇದೇ ಮೊದಲನೆಯದೆಂದು ತಿಳಿದು ಜೋರಾಗಿ ನಕ್ಕಳು.

ಟಾಂಗಾ ಹತ್ತಿದೆವು. ಹಿಂದಕ್ಕೆ ಮುಖ ಮಾಡಿ ಕೂರುವ ಸೀಟು. "ಗಟ್ಟಿ ಹಿಡ್ಕೊಂಡು ಕುಂದರ್ರಿ ಅವ್ವಾರ" ಎಂದ ಟಾಂಗಾದವನು. ಊರು ನಮ್ಮ ಎದುರಿಗೇ ಹಿಂದೆ ಹಿಂದೆ ಸರಿಯುತ್ತಿತ್ತು: ಸೇಂಗಾ ಹುರಿಯುವ ಬಾಂಡಲೆ, ರೊಟ್ಟಿ ಪೇರಿಸಿಟ್ಟ ಅಂಗಡಿ, ತಲೆ ಮೇಲೆ ಸೆರಗು ಹೊದ್ದ ಹೆಂಗಸರು, ಯಾವುದೋ ಹಳೇ ಕಮಾನು, ಅದರ ಮೇಲೆ ಒಣಹಾಕಿದ ಬಟ್ಟೆ. ನಾನು ಒಂದನ್ನು ನೋಡಿ ಮುಗಿಸುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಹಾಲಿನ ಕಡೆಯಿಂದ ವಾಲಗದ ಸದ್ದು ಕೇಳಿಸಿತು.

"ಅತಿಥಿ ಬಂದ್ರು ಅನ್ಸತ್ತೆ ಮೇಡಂ. ಈಗ್ಲೂ ವಾಪಸ್ ಹೋಗ್ಬೋದು."

"ಬರ್ಲಿ ಬಿಡು. ನಾವೇನ್ ಅವರನ್ನ ಕಾಯಿಸ್ಲಿಲ್ಲ" ಎಂದರು. ಆದರೆ ವಾಲಗ ಕೇಳಿಸುವಷ್ಟು ದೂರವೂ ಅವರ ಕೈ ಸೀರೆಯ ಅಂಚನ್ನು ಸವರುತ್ತಲೇ ಇತ್ತು.

ಗುಮ್ಮಟದ ಮೆಟ್ಟಿಲು ನಮ್ಮಂಥವರಿಗಲ್ಲ. ಇಕ್ಕಟ್ಟು, ಕಡಿದು, ಒಂದೊಂದೂ ಮೊಣಕಾಲೆತ್ತರ. ಅವರು ರೇಷ್ಮೆಯ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಹತ್ತಿದರು. ಅಂತಸ್ತಿಗೊಂದು ಸಲ ಕಿಟಕಿಯ ಬಳಿ ಕೂತರು. ನನಗೂ ಏದುಸಿರು, ಹಿಂದಿನ ಎರಡು ರಾತ್ರಿ ಚಾಪೆಯ ಮೇಲೆ ಸರಿಯಾಗಿ ನಿದ್ದೆ ಇರಲಿಲ್ಲ. ಇಳಿಯುತ್ತಿದ್ದ ಹೆಂಗಸೊಬ್ಬಳು, "ಇನ್ನಾ ಭಾಳ ಐತ್ರೀ ಅಮ್ಮಾ, ಇಲ್ಲಿಂದನ ಹೊಳ್ಳಿ ಹೋಗ್ರಿ" ಎಂದಳು.

"ಅರ್ಧ ಪಾಠಕ್ಕೆ ಬೆಲ್ ಹೊಡ್ಯಲ್ಲ ಕಣಮ್ಮ ನಾನು" ಎಂದರು ಇವರು. ಆ ಹೆಂಗಸಿಗೆ ಏನೂ ತಿಳಿಯಲಿಲ್ಲ. ಆದರೂ ಅಡ್ಡ ನಿಂತಿದ್ದ ತನ್ನ ಮಕ್ಕಳನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟಳು.

ಮೇಲೆ ಹೋಗಿ ಗುಮ್ಮಟದೊಳಗಿನ ಸುತ್ತುಜಗುಲಿಗೆ ಕಾಲಿಟ್ಟರೆ ಅದೇನು ಗದ್ದಲ! ಪ್ರವಾಸ ಬಂದ ಹೈಸ್ಕೂಲು ಮಕ್ಕಳು, ಸಂಸಾರಸ್ಥರು, ಹೊಸದಾಗಿ ಮದುವೆಯಾದವರು, ಎಲ್ಲರೂ ಒಟ್ಟಿಗೇ ಅರಚುತ್ತಿದ್ದರು. ಸಿಳ್ಳೆ, ಚಪ್ಪಾಳೆ, ಕೂಗು ಎಲ್ಲವೂ ಸುತ್ತಿ ಸುತ್ತಿ ಬಂದು ಕಲಸಿಹೋಗಿ, ಒಂದೂ ಒಂದರಂತೆ ಕೇಳುತ್ತಿರಲಿಲ್ಲ. ನಾನು ಕಿವಿ ಮುಚ್ಚಿಕೊಂಡೆ. ಇಷ್ಟಕ್ಕೆ ಅವರ ಶಾಲು ಹೋಯಿತಲ್ಲ ಎಂದು ಅಳು ಬಂತು.

ಹೆಡ್ ಮೇಡಂ ಒಂದು ಗಳಿಗೆ ಸುಮ್ಮನೆ ನಿಂತರು. ಗಲಾಟೆಯ ಕ್ಲಾಸಿನ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಆಮೇಲೆ ಕೈಯನ್ನು ಎರಡು ಸಲ ತಟ್ಟಿ, ಮೂವತ್ತು ವರ್ಷದ ಗಂಟಲಲ್ಲಿ ಅಂದರು:

"ಕೈ ಕಟ್ಟಿ! ಬಾಯ್ ಮುಚ್ಚಿ!"

ಗುಮ್ಮಟ ಅದನ್ನು ಎತ್ತಿಕೊಂಡಿತು. ಎಡದಿಂದ, ಬಲದಿಂದ, ತಲೆಯ ಮೇಲಿಂದ, ಹತ್ತು ಹೆಡ್ ಮೇಡಂಗಳು ಒಬ್ಬರಾದ ಮೇಲೊಬ್ಬರು, ಬಾಯ್ ಮುಚ್ಚಿ, ಬಾಯ್ ಮುಚ್ಚಿ ಎಂದು ಗದರಿದರು. ಮಕ್ಕಳು ಬಾಯಿ ಮುಚ್ಚಿದವು. ದೊಡ್ಡವರೂ ಮುಚ್ಚಿದರು. ನನ್ನ ಎದುರಿಗಿದ್ದ ಮೀಸೆಯ ಗಂಡಸೊಬ್ಬ ನಿಜವಾಗಿಯೂ ಕೈ ಕಟ್ಟಿ ನಿಂತಿದ್ದ. ಅಷ್ಟು ದೊಡ್ಡ ಗುಮ್ಮಟದೊಳಗೆ ಪಾರಿವಾಳದ ರೆಕ್ಕೆ ಕೇಳುವಷ್ಟು ನಿಶ್ಶಬ್ದ.

ಹೆಡ್ ಮೇಡಂ ನನ್ನ ಮೊಣಕೈ ಹಿಡಿದು ಗೋಡೆಯ ಕಡೆ ತಿರುಗಿಸಿದರು. "ಹೂಂ, ಈಗ ಹೇಳು. ಏನಾದ್ರೂ ಹೇಳು. ಬೇಗ. ಹೆಚ್ಚೊತ್ತು ಸುಮ್ನಿರಲ್ಲ ಅವು" ಎಂದು ಪಿಸುಗುಟ್ಟಿದರು.

ಇಂಥ ಕಡೆ ಹೇಳುವ ಮಾತನ್ನು ನಾನು ಯಾವತ್ತೂ ಯೋಚಿಸಿಟ್ಟುಕೊಂಡಿರಲಿಲ್ಲ. ದಿನಾ ಮನೆಯಲ್ಲಿ, ಶಾಲೆಯಲ್ಲಿ ಆಡಿ ಆಡಿ ಅಭ್ಯಾಸವಾದದ್ದು ಬಾಯಿಗೆ ಬಂತು.

"ಊಟ ಆಯ್ತಾ?"

ಗುಮ್ಮಟ ಎಲ್ಲರನ್ನೂ ಕೇಳಿತು. ಊಟ ಆಯ್ತಾ, ಆಯ್ತಾ, ಆಯ್ತಾ ಎಂದು ನನ್ನದೇ ಧ್ವನಿ ಸುತ್ತು ಹಾಕಿ ನನ್ನ ಹತ್ತಿರ ಬಂದು, ನನ್ನನ್ನೂ ಕೇಳಿತು. ಒಂದು ಉಸಿರಿನ ನಂತರ ಆ ಬದಿಯ ಗೋಡೆಯಿಂದ, ಮುಖ ಕಾಣದ ಯಾವುದೋ ಮುದುಕಿಯ ದನಿ, ನನ್ನ ಕಿವಿಯಲ್ಲೇ ಹೇಳಿದಷ್ಟು ಹತ್ತಿರದಿಂದ ಬಂತು:

"ಆತು ನೋಡವಾ. ನಿಂದಾತೇನ?"

ಜಗುಲಿಯ ತುಂಬ ನಗು ಎದ್ದಿತು. ಹೆಡ್ ಮೇಡಂ ನಕ್ಕು ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗೋಡೆಗೆ ಪೂರ್ತಿ ಬೆನ್ನು ಕೊಟ್ಟು ಕೂತುಬಿಟ್ಟರು.

ವಾಪಸ್ಸು ಬರುವ ಹೊತ್ತಿಗೆ ಹಾಲಿನಲ್ಲಿ ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದರು. ಕಾರ್ಯದರ್ಶಿ ಓಡಿ ಬಂದಳು. "ಏನ್ ಮೇಡಂ ನೀವು! ವರ್ಷ್‌ಗಟ್ಲೆ ಕೊನೇ ತಂಕ ಕೂತು, ಹೆಸ್ರು ಕರ್ಯೋ ದಿನಾನೇ ಎದ್ದೋಗದಾ? ಕರ್ದು ಕರ್ದು ಸಾಕಾಗಿ ನಿಮ್ಮ ಶಾಲು ಯಾರಿಗೋ ಹಾಕ್ಬಿಟ್ರು."

"ಯಾರಿಗೋ ಬೆಚ್ಚಗಾಯ್ತಲ್ಲ, ಬಿಡಮ್ಮ" ಎಂದರು. ರೈಲಿನಲ್ಲಿ ನಾನು, ಮಗಳಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. "ಗುಮ್ಟದ ಮೇಲೆ ನಂದೊಂದು ಫೋಟೋ ತೆಗೆದ್ಯಲ್ಲ, ಅದನ್ನೇ ಕಳ್ಸು" ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ಅವರಿಗೆ ಬೇಸರವಾಗಿತ್ತು ಎಂದು ನನಗೆ ಗೊತ್ತು. ಆಸೆಪಟ್ಟು ತಂದ ಸೀರೆಯನ್ನು ಅದೇ ಪಂಚೆಯಲ್ಲಿ ಸುತ್ತಿ ಇಡುವಾಗ ಅವರ ಮುಖ ನೋಡಿದ್ದೆ.

ನಿವೃತ್ತಿಯಾದ ಮೇಲೆ ಅವರು ಕಡೂರಿನಲ್ಲಿ ಮಗಳ ಮನೆಗೆ ಹತ್ತಿರವೇ ಇದ್ದ ತಮ್ಮ ಸ್ವಂತ ಮನೆಗೆ ಹೋದರು. ಮರುವರ್ಷ ಸಮ್ಮೇಳನದ ಸುತ್ತೋಲೆ ಬಂದಾಗ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ನಾದಿನಿಯೂ ಮಗಳ ಬಾಣಂತನವೆಂದು ಬರುವುದನ್ನು ನಿಲ್ಲಿಸಿದ್ದಳು. ಒಂದು ಸಂಜೆ ನಾನು ಶಾಲೆಯಿಂದ ಬಂದರೆ ನಮ್ಮ ನಡುಮನೆಯಲ್ಲಿ ಹೆಡ್ ಮೇಡಂ, ಪಕ್ಕದಲ್ಲಿ ಬಟ್ಟೆಯ ಬ್ಯಾಗು. ಬೀರೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಅತ್ತೆಯ ಮಂಚದ ಎದುರು ಕೂತು ಹೇಳುತ್ತಿದ್ದರು: "ಅವಳು ಎರಡ್ ದಿನ ಹೋಗ್ಬರ್ಲಿ. ನಿಮ್ಮತ್ರ ನಾನಿರ್ತೀನಿ."

ಅತ್ತೆ ಗಾಬರಿಯಾದರು. "ಅಯ್ಯೋ ಶಿವನೇ, ನೀವ್ ಮೇಡಂ ಆಗಿ ನನ್ನ ಹೇಲುಚ್ಚೆ ಬಳೀತೀರಾ?"

"ಒಂದನೇ ಕ್ಲಾಸಿಗೆ ಪಾಠ ಮಾಡ್ದೋಳು ಕಣ್ರೀ ನಾನು. ಎಲ್ಲಾ ಬಳ್ದಿದೀನಿ. ನೀವ್ ಹಟ ಮಾಡಿದ್ರೆ ಮೂಲೇಲ್ ನಿಲ್ಲುಸ್ತೀನಿ, ನೋಡಿ."

"ನಿಲ್ಲಂಗಿದ್ರೆ ನಿಂತಿರ್ತಿದ್ನಲ್ಲ ತಾಯಿ" ಎಂದು ಅತ್ತೆ ನಕ್ಕರು. ಅವರು ನಕ್ಕಿದ್ದನ್ನು ನಾನು ಬಹಳ ದಿನದ ಮೇಲೆ ಕೇಳಿದೆ.

ಆಮೇಲೆ ಪ್ರತಿ ವರ್ಷ ಹಾಗೇ ನಡೆಯಿತು. ನಾನು ಮೈಸೂರಿನ ಅರಮನೆ ನೋಡಿದೆ. ಮಂಗಳೂರಿನ ಸಮುದ್ರದಲ್ಲಿ ಸೀರೆ ಒದ್ದೆ ಮಾಡಿಕೊಂಡೆ. ಮಧ್ಯಾಹ್ನ ಅವರ ಫೋನು ಬರುತ್ತಿತ್ತು: "ಎಲ್ಲಿದೀಯೇ? ಇನ್ನೂ ಹಾಲಲ್ಲೇ? ಬೆಳಗ್ಗೇದು ಕೂತ್ಯಲ್ಲ, ಸಾಕು. ಎದ್ದೋಗು." ಸಂಜೆ ಮತ್ತೆ ಫೋನು. ನಾನು ಸುಸ್ತಾಗಿ ಚಾಪೆಯ ಮೇಲೆ ಬಿದ್ದಿದ್ದರೂ ಬಿಡುತ್ತಿರಲಿಲ್ಲ. ಏನು ನೋಡಿದೆ, ಯಾವ ಬಣ್ಣ, ಬಾಗಿಲು ಎಷ್ಟೆತ್ತರ, ಅಲ್ಲಿ ಏನು ತಿನ್ನುತ್ತಾರೆ ಎಂದು ಎಲ್ಲವನ್ನೂ ಕೇಳುತ್ತಿದ್ದರು. ನೀವೂ ಬನ್ನಿ ಮೇಡಂ ಎಂದರೆ, "ಇಬ್ರೂ ಹೋದ್ರೆ ಇಲ್ಲಿರೋರ್ಯಾರು?" ಎಂದು ಬಿಡುವರು.

ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ಬೆಳಗ್ಗೆ ಪೂಜೆಗೆ ಕೂತವರು ಏಳಲಿಲ್ಲವಂತೆ. ನಾನು ಕಡೂರು ತಲುಪುವಷ್ಟರಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಮುಡಿಸಿದ್ದರು. ಆ ರೇಷ್ಮೆ ಸೀರೆಯನ್ನೇ ಉಡಿಸಿದ್ದರು. ಮಗಳು ನನ್ನ ಕೈ ಹಿಡಿದು ಅತ್ತಳು. ನನಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಸಂಜೆಯ ಬಸ್ಸಿಗೆ ಬಂದು ಅತ್ತೆಗೆ ಗಂಜಿ ಕುಡಿಸಿದೆ.

ಈ ವರ್ಷದ ಸಮ್ಮೇಳನ ಬೀದರಿನಲ್ಲಿ. ಸುತ್ತೋಲೆಯನ್ನು ನಾನು ಓದಿ ಬ್ಯಾಗಿನಲ್ಲೇ ಬಿಟ್ಟಿದ್ದೆ. ರಾತ್ರಿ ಕಾಲಿಗೆ ಎಣ್ಣೆ ಹಚ್ಚುವಾಗ ಅತ್ತೆಯೇ ಕೇಳಿದರು, "ಈ ಸಲ ಯಾವೂರಂತೆ?"

"ಬೀದರಂತೆ. ನಾನು ಹೋಗಲ್ಲ ಅತ್ತೆ. ನಂಗೂ ಆಗಲ್ಲ. ನಿಮ್ಮನ್ನ ನೋಡ್ಕಳೋರ್ಯಾರು?"

"ದಿನಾ ಬಾಗ್ಲಿಗೆ ಹೂವು ತರ್ತಾಳಲ್ಲ, ಆ ಹೂವಿನೋಳಿಗೆ ಹೇಳಿ ಕಳ್ಸಿದೀನಿ. ಎರಡ್ ದಿನ ಬಂದು ಇರ್ತಾಳಂತೆ" ಎಂದರು.

ನಾನು ಕೈ ನಿಲ್ಲಿಸಿ ಅವರ ಮುಖ ನೋಡಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು.

"ಪ್ರತೀ ಸಲ ನೀನು ಫೋನಲ್ಲಿ ಹೇಳಿದ್ದನ್ನೆಲ್ಲ ಆ ಮೇಡಂ ಇಲ್ಲಿ ಕೂತು ನಂಗೆ ಹೇಳೋರು, ದೀಪ ಆರಿಸೋ ತಂಕ. ಅರಮನೆ ಬಾಗ್ಲು ನಂಗೊತ್ತು. ಸಮುದ್ರದ ಬಣ್ಣ ಗೊತ್ತು. ಈ ಮಂಚ ಬಿಟ್ಟು ನಾನೆಲ್ಲೂ ಹೋಗ್ಲಿಲ್ಲ ಅಂತ ತಿಳ್ಕಂಡಿದೀಯಾ ನೀನು?" ಅವರು ನನ್ನ ಕಡೆ ತಿರುಗಿದರು. "ಈಗ ಕೇಳಿ ಹೇಳೋರಿಲ್ಲ. ನೀನೇ ನೆಟ್ಟಗೆ ನೋಡ್ಕಂಡು ಬಾ. ಬೀದರಲ್ಲಿ ಏನೈತೆ?"

"ಕೋಟೆ ಐತಂತೆ ಅತ್ತೆ."

"ದೊಡ್ಡದಾ?"

"ನೋಡಿ ಬಂದು ಹೇಳ್ತೀನಿ" ಎಂದೆ.

ಮರುದಿನ ಶಾಲೆ ಬಿಟ್ಟ ಮೇಲೆ ಸೀದಾ ಮನೆಗೆ ಬರದೆ ತರೀಕೆರೆ ಬಸ್ಸು ಹತ್ತಿದೆ. ಆಫೀಸು ಮುಚ್ಚುವ ಮೊದಲು ಹೋಗಿ ಹೆಸರು ಬರೆಸಬೇಕಿತ್ತು.